ನಕಾಶೆಗೆ ಅಂಟಿಸಿದ ಬಸ್ ಟಿಕೆಟ್

ನಮ್ಮ ಮನೆಗೆ ಬಂದವರು ನಡುಮನೆಯ ಗೋಡೆಯ ಮೇಲಿರುವ ನಕಾಶೆಯನ್ನು ನೋಡದೆ ಹೋಗುವುದಿಲ್ಲ. ಅದು ಅಂಗಡಿಯಿಂದ ತಂದದ್ದಲ್ಲ. ಡ್ರಾಯಿಂಗ್ ಹಾಳೆಗಳನ್ನು ಒಂದಕ್ಕೊಂದು ಅಂಟಿಸಿ ನನ್ನ ಮೊಮ್ಮಗಳು ಪುಟ್ಟಿ ಬರೆದದ್ದು. ಬಲತುದಿಯಲ್ಲಿ ಶಿವಮೊಗ್ಗ, ಎಡತುದಿಯಲ್ಲಿ ಮಲ್ಪೆಯ ಸಮುದ್ರ. ನಡುವೆ ಹಾವಿನ ಹಾಗೆ ಬಳುಕಿಕೊಂಡು ಹೋಗುವ ಕೆಂಪು ಪೆನ್ಸಿಲ್ಲಿನ ಗೆರೆ. ಆ ಗೆರೆ ಒಂದೇ ಒಂದು ಕಡೆ ತುಂಡಾಗಿದೆ. ಅಲ್ಲಿ ಎರಡಂಗುಲಕ್ಕಿಂತ ಸ್ವಲ್ಪ ಕಡಿಮೆ ಜಾಗದಲ್ಲಿ, ಅಕ್ಷರ ಮಾಸಿದ ಒಂದು ಬಸ್ ಟಿಕೆಟ್ ಅಂಟಿಸಿದೆ.

"ಇದೇನು ಮೇಷ್ಟ್ರೇ, ಇಲ್ಲಿ ಟಿಕೆಟ್ ಯಾಕೆ?" ಎಂದು ಬಂದವರು ಕೇಳಿಯೇ ಕೇಳುತ್ತಾರೆ. ಪುಟ್ಟಿ ಅಲ್ಲಿದ್ದರೆ ನನ್ನ ಮುಖ ನೋಡಿ, "ನೀನೇ ಹೇಳು ಅಜ್ಜಾ" ಎನ್ನುತ್ತಾಳೆ. ಈ ವಾರ ಅದನ್ನು ನಿಮಗೂ ಹೇಳಿಬಿಡುತ್ತೇನೆ. ಹೇಗೂ ಮಳೆಗಾಲ. ಹಲಸಿನ ಹಪ್ಪಳ ಸುಟ್ಟುಕೊಂಡು, ಅಜ್ಜನೋ ಅಜ್ಜಿಯೋ ಪಕ್ಕದಲ್ಲಿ ಕೂತು ಓದಿ ಹೇಳಲಿ.

ಹೋದ ವರ್ಷ ಬೇಸಿಗೆ ರಜೆಯಲ್ಲಿ ಪುಟ್ಟಿಯೂ ನಾನೂ ತುಂಗಾ ನದಿಯ ಮೆಟ್ಟಿಲ ಮೇಲೆ ಕೂತಿದ್ದೆವು. ಅವಳು ನೀರಿಗೆ ಕಾಲು ಇಳಿಬಿಟ್ಟುಕೊಂಡು ಕೇಳಿದಳು: "ಅಜ್ಜಾ, ಸಮುದ್ರ ಆ ಕಡೆ ಹತ್ರ ಇದೆ. ನಮ್ಮ ತುಂಗೆ ಮಾತ್ರ ಈ ಕಡೆ ಯಾಕೆ ಹರೀತಾಳೆ? ದಾರಿ ತಪ್ಪಿದ್ಲಾ?"

ಮೂವತ್ತನಾಲ್ಕು ವರ್ಷ ಮಕ್ಕಳಿಗೆ ವಿಜ್ಞಾನ ಹೇಳಿಕೊಟ್ಟವನು ನಾನು. ಉತ್ತರ ಬಾಯಿಯ ತುದಿಯಲ್ಲೇ ಇತ್ತು. ಪಶ್ಚಿಮ ಘಟ್ಟ ಎಂದರೆ ಹೆಂಚಿನ ಮನೆಯ ಮಾಡು ಇದ್ದ ಹಾಗೆ. ಆದರೆ ಈ ಮಾಡಿನ ನೆತ್ತಿ ಮನೆಯ ಮಧ್ಯದಲ್ಲಿಲ್ಲ, ಪಡುವಣ ಅಂಚಿನ ಹತ್ತಿರ ಇದೆ. ಪಡುವಣದ ಇಳಿಜಾರು ಗಿಡ್ಡ, ಕಡಿದು. ಮೂಡಣದ ಇಳಿಜಾರು ಉದ್ದ, ನಿಧಾನ. ನೆತ್ತಿಯಿಂದ ಆ ಕಡೆ ಬಿದ್ದ ಮಳೆ ಸೀತಾನದಿಯಂಥ ಚಿಕ್ಕ ಹೊಳೆಗಳನ್ನು ಸೇರಿ ಬೇಗನೆ ಅರಬ್ಬಿ ಸಮುದ್ರ ಮುಟ್ಟುತ್ತದೆ. ಈ ಕಡೆ ಬಿದ್ದ ಮಳೆ ತುಂಗೆ ಸೇರಿ, ಕೂಡಲಿಯಲ್ಲಿ ಭದ್ರೆಯೊಡನೆ ಕೂಡಿ ತುಂಗಭದ್ರೆಯಾಗಿ, ಮುಂದೆ ಕೃಷ್ಣೆಯಾಗಿ, ಆಂಧ್ರ ದಾಟಿ ಬಂಗಾಳ ಕೊಲ್ಲಿಗೆ ಹೋಗುತ್ತದೆ.

"ಆ ನೆತ್ತಿ ಎಲ್ಲಿದೆ? ನೀನು ನೋಡಿದ್ದೀಯಾ?"

ಬಸ್ಸಿನಲ್ಲಿ ನಿದ್ದೆ ಮಾಡಿಕೊಂಡು ಎಷ್ಟೋ ಸಲ ದಾಟಿದ್ದೆ. ನೋಡಿರಲಿಲ್ಲ. ಅಲ್ಲೇ ತೀರ್ಮಾನ ಮಾಡಿದೆ, ಶಿವಮೊಗ್ಗದ ತುಂಗೆಯಿಂದ ಹೊರಟು, ತೀರ್ಥಹಳ್ಳಿ, ಆಗುಂಬೆ, ಹೆಬ್ರಿ, ಉಡುಪಿ ಮೇಲೆ ಮಲ್ಪೆಯವರೆಗೆ ಒಬ್ಬನೇ ನಡೆದು ಹೋಗುವುದೆಂದು. ಸುಮಾರು 150 ಕಿಲೋಮೀಟರ್ ದಾರಿ. ನೀರಿನ ಕಥೆ ನೋಡಬೇಕಾದರೆ ನೀರಿರುವಾಗಲೇ ಹೋಗಬೇಕಲ್ಲವೇ? ಮಳೆಗಾಲವನ್ನೇ ಆರಿಸಿಕೊಂಡೆ.

ಪುಟ್ಟಿ ಆ ರಾತ್ರಿಯೇ ನಕಾಶೆ ಬರೆದಳು. ಒಂದು ಕಿಲೋಮೀಟರಿಗೆ ಅರ್ಧ ಸೆಂಟಿಮೀಟರ್. "ದಿನಾ ಸಂಜೆ ಫೋನ್ ಮಾಡು. ನೀನು ನಡೆದಷ್ಟು ಗೆರೆ ಎಳೀತೀನಿ. ಬಸ್ಸು, ಆಟೋ, ಎತ್ತಿನಗಾಡಿ ಏನೂ ಹತ್ತಬಾರದು. ನಡೆದಿದ್ದು ಮಾತ್ರ ಲೆಕ್ಕ." ನಾನು ಅವಳ ಕೈ ಮೇಲೆ ಕೈಯಿಟ್ಟು ಮಾತು ಕೊಟ್ಟೆ.

ಅವಳ ಅಜ್ಜಿ ಮೂರು ಕರಾರು ಹಾಕಿದಳು. ಒಂದು, ಕತ್ತಲಾದ ಮೇಲೆ ನಡೆಯಬಾರದು. ಎರಡು, ಕಾಡಿನ ಒಳದಾರಿ ಹಿಡಿಯದೆ ಹೆದ್ದಾರಿಯಲ್ಲೇ ಹೋಗಬೇಕು. ಮೂರು, ಆ ಊರಿನವರು 'ಇವತ್ತು ಬೇಡ' ಎಂದರೆ ಹೆಜ್ಜೆ ಮುಂದಿಡಬಾರದು. ಮೂರಕ್ಕೂ ತಲೆಯಾಡಿಸಿದೆ. ಈ ಮೂರನೆಯ ಕರಾರನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

ಜೂನ್ ಕೊನೆಯ ವಾರ ಹೊರಟೆ. ಆರಿದ್ರಾ ಮಳೆ ಹಿಡಿದಿತ್ತು. 'ಆದರೆ ಆರಿದ್ರಾ, ಇಲ್ಲದಿದ್ದರೆ ದರಿದ್ರ' ಎಂದು ರೈತರು ಹೇಳುತ್ತಾರಲ್ಲ, ಅದೇ ಮಳೆ. ಮೊದಲ ಐದು ದಿನ ಹಬ್ಬದಂತಿತ್ತು. ಗಾಜನೂರಿನ ಅಣೆಕಟ್ಟೆ, ಸಕ್ರೆಬೈಲಿನ ಆನೆಗಳು, ಮಂಡಗದ್ದೆಯಲ್ಲಿ ಹೊಳೆಯ ನಡುಗಡ್ಡೆಯ ಮರಗಳ ಮೇಲೆ ಗೂಡು ಕಟ್ಟುವ ಬೆಳ್ಳಕ್ಕಿಗಳು. ಮಳೆ ಬಂದಾಗ ಬಸ್ ನಿಲ್ದಾಣದಲ್ಲಿ ನಿಲ್ಲುವುದು, ಬಿಟ್ಟಾಗ ನಡೆಯುವುದು. ರಾತ್ರಿ ನೆಂಟರ ಮನೆ, ಹಳೆಯ ಶಿಷ್ಯರ ಮನೆ. ಎಲ್ಲರೂ 'ಈ ವಯಸ್ಸಿನಲ್ಲಿ ಒಬ್ಬರೇ!' ಎಂದು ಹೊಗಳುವವರೇ. ಅರವತ್ತಾರು ವರ್ಷದ ನನ್ನ ತಲೆ ದಿನಕ್ಕೊಂದು ಅಂಗುಲ ಮೇಲೇರುತ್ತಿತ್ತು.

ಐದನೆಯ ರಾತ್ರಿ ಗುಡ್ಡೇಕೇರಿಯ ಹತ್ತಿರ ಶಿಷ್ಯನೊಬ್ಬನ ಮಾವನ ಮನೆಯಲ್ಲಿ ಉಳಿದೆ. ಅಡಿಕೆ ತೋಟದ ತಲೆಯಲ್ಲಿ ಹಳೆಯ ಹೆಂಚಿನ ಮನೆ. ರಾತ್ರಿಯಿಡೀ ಹೆಂಚಿನ ಮೇಲೆ ಜಲ್ಲಿ ಸುರಿದಂಥ ಸದ್ದು. ಬೆಳಗ್ಗೆ ಎದ್ದರೆ ಅಂಗಳವೇ ಕಾಣುತ್ತಿರಲಿಲ್ಲ. ಆ ಮನೆಯ ಚಿಕ್ಕ ಹುಡುಗ ಟಿ.ವಿ. ನೋಡಿ ಕುಣಿಯುತ್ತಾ ಬಂದ. ಜಿಲ್ಲಾಧಿಕಾರಿಗಳು ಶಾಲೆಗಳಿಗೆ ಮಳೆ ರಜೆ ಕೊಟ್ಟಿದ್ದರು! ನಿಮಗೆಲ್ಲ ಆ ಖುಷಿ ಗೊತ್ತೇ ಇದೆ. ಮಕ್ಕಳು ಮನೆಯಲ್ಲಿರಲಿ ಎಂದು ದೊಡ್ಡವರು ರಜೆ ಕೊಟ್ಟ ದಿನ, ದೊಡ್ಡವನಾದ ನಾನು ಬೂಟಿನ ದಾರ ಕಟ್ಟುತ್ತಿದ್ದೆ.

ಮನೆಯ ಹಿರಿಯರು ಕಂಬಕ್ಕೆ ಒರಗಿ ಆಕಾಶ ನೋಡುತ್ತಿದ್ದರು. ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವರು.

"ಮೇಷ್ಟ್ರೇ, ಇವತ್ತು ಹೋಗದು ಬ್ಯಾಡ. ಈ ಗಾಳಿ ನಂಗೆ ಸರಿ ಕಾಣ್ತಿಲ್ಲ."

"ಘಾಟಿ ಇಳಿದುಬಿಟ್ಟರೆ ಆಯಿತು ಬಿಡಿ. ಸಂಜೆಯೊಳಗೆ ಸೋಮೇಶ್ವರ ಸೇರುತ್ತೇನೆ."

"ಹಂಗಾರೆ ಈ ಕಂಬಳಿ ಆದ್ರೂ ತಗಂಡು ಹೋಗಿ. ಕೊಪ್ಪೆ ಹಾಕ್ಕಳಿ. ಆಮೇಲೆ ಯಾವಾಗಾದ್ರೂ ಕಳ್ಸಿದ್ರೆ ಆತು."

ಹೊಗೆಯ ವಾಸನೆ ಹೊಡೆಯುವ ಕರಿ ಕಂಬಳಿ. ನನ್ನ ಬಳಿ ಹೊಸ ರೇನ್‌ಕೋಟ್ ಇತ್ತು. "ಇದು ಸಾಕು, ಕಂಬಳಿ ನೆನೆದರೆ ಭಾರ" ಎಂದು ನಕ್ಕುಬಿಟ್ಟೆ. ಅವರು ಮತ್ತೆ ಒತ್ತಾಯ ಮಾಡಲಿಲ್ಲ. ಕಂಬಳಿಯನ್ನು ಮಡಚಿ ಜಗುಲಿಯ ಮೇಲಿಟ್ಟರು. ಮೂರನೆಯ ಕರಾರು ಅಲ್ಲಿಗೆ ಮುರಿಯಿತು.

ಮೊದಲ ಒಂದು ಗಂಟೆ ಸೊಗಸಾಗಿತ್ತು, ಸುಳ್ಳು ಹೇಳಬಾರದು. ರಸ್ತೆಯ ಎರಡೂ ಬದಿಯ ಚರಂಡಿಗಳು ಹಳ್ಳಗಳಾಗಿದ್ದವು. ಎಲ್ಲೆಲ್ಲೂ ಕಪ್ಪೆಗಳ ಮೇಳ. ಮರದ ಕಾಂಡಗಳ ಮೇಲೆ ಪಾಚಿ ಹಸಿರು ಮಖಮಲ್ಲಿನಂತೆ ಉಬ್ಬಿತ್ತು. ನಿಂತ ಕಡೆ ಇಂಬಳಗಳು ಬೂಟಿನ ಮೇಲೆ ಹತ್ತುತ್ತಿದ್ದವು. ಇಂಬಳ ಕಚ್ಚಿದ್ದು ಗೊತ್ತೇ ಆಗುವುದಿಲ್ಲ. ಅದು ಬಿಟ್ಟ ಮೇಲೂ ರಕ್ತ ಬೇಗ ನಿಲ್ಲುವುದಿಲ್ಲ, ಏಕೆಂದರೆ ಅದರ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ಮಾಡುವ ವಸ್ತು ಇದೆ. ಕೋಲಿನ ತುದಿಗೆ ಉಪ್ಪು, ಹೊಗೆಸೊಪ್ಪಿನ ಗಂಟು ಕಟ್ಟಿಕೊಂಡಿದ್ದೆ. ಅದನ್ನು ಮುಟ್ಟಿಸಿದರೆ ಉದುರಿಬೀಳುತ್ತಿದ್ದವು.

ಆಗುಂಬೆಯಲ್ಲಿ ಅಷ್ಟೊಂದು ಮಳೆ ಯಾಕೆ ಎಂದು ಮಕ್ಕಳು ಕೇಳಬಹುದು. ನೈಋತ್ಯ ಮಾರುತ ಅರಬ್ಬಿ ಸಮುದ್ರದ ತೇವ ಹೊತ್ತು ಬಂದು, ಸುಮಾರು 640 ಮೀಟರ್ ಎತ್ತರದ ಆಗುಂಬೆಯ ಗೋಡೆಗೆ ತಾಗುತ್ತದೆ. ಮುಂದೆ ಹೋಗಲು ಮೇಲೇರಲೇಬೇಕು. ಏರಿದ ಗಾಳಿ ತಣ್ಣಗಾಗುತ್ತದೆ, ತಣ್ಣಗಾದ ಗಾಳಿಯಲ್ಲಿ ಅಷ್ಟು ತೇವ ಹಿಡಿಯುವುದಿಲ್ಲ, ಮಳೆಯಾಗಿ ಸುರಿಯುತ್ತದೆ. ಬೆಂಗಳೂರಿನಲ್ಲಿ ವರ್ಷಕ್ಕೆ ಸರಾಸರಿ ಸುಮಾರು 970 ಮಿಲಿಮೀಟರ್ ಮಳೆ. ಆಗುಂಬೆಯಲ್ಲಿ 7,000 ಮಿಲಿಮೀಟರಿಗೂ ಹೆಚ್ಚು. ಒಂದು ಚದರ ಮೀಟರ್ ನೆಲದ ಮೇಲೆ ಒಂದು ಮಿಲಿಮೀಟರ್ ಮಳೆ ಬಿತ್ತೆಂದರೆ ಅದು ಸರಿಯಾಗಿ ಒಂದು ಲೀಟರ್ ನೀರು. ಹಾಗಾದರೆ ಆಗುಂಬೆಯ ಮನೆಯಂಗಳದ ಒಂದೊಂದು ಚದರ ಮೀಟರಿಗೂ ವರ್ಷಕ್ಕೆ ಎಷ್ಟು ಕೊಡ ನೀರು ಬೀಳುತ್ತದೆ? ಮನೆಯ ಕೊಡ ಅಳೆದು ಲೆಕ್ಕ ಮಾಡಿ ನೋಡಿ.

ಆ ದಿನ ಆ ಲೆಕ್ಕದ ದೊಡ್ಡ ಪಾಲು ನನ್ನ ಬೆನ್ನಿನ ಮೇಲೇ ಬೀಳುತ್ತಿದೆ ಎನಿಸಿತು. ರೇನ್‌ಕೋಟಿನ ಕತ್ತಿನ ಸಂದಿಯಲ್ಲಿ ನೀರು ಇಳಿಯಿತು. ಒಳಗಿನಿಂದ ಬೆವರು. ಹತ್ತಿಯ ಅಂಗಿ, ಹತ್ತಿಯ ಪ್ಯಾಂಟು ಎರಡೂ ಮೈಗೆ ಅಂಟಿಕೊಂಡವು. ಛತ್ರಿಯನ್ನು ಗಾಳಿ ಒಂದೇ ಏಟಿಗೆ ತಿರುವಿ ಹಾಕಿತು. ನಡೆಯುವಾಗ ಮೈ ಬೆಚ್ಚಗಿತ್ತು, ನಿಂತರೆ ಚಳಿ. ಹಾಗಾಗಿ ನಿಲ್ಲದೆ ನಡೆದೆ. ಬೆಳಗ್ಗೆ ತಿಂದ ಎರಡು ಕಡುಬು ಯಾವಾಗಲೋ ಕರಗಿಹೋಗಿತ್ತು.

ಹನ್ನೊಂದೂವರೆಗೆ ಆಗುಂಬೆ ಸೇರಿದೆ. ಪೇಟೆಯ ಹೋಟೆಲಿನಲ್ಲಿ ಚಹಾ ಹೇಳಿದೆ. ಲೋಟ ಹಿಡಿಯಲು ಹೋದರೆ ಬೆರಳು ಮಡಚುತ್ತಿಲ್ಲ. ಎರಡೂ ಅಂಗೈಯ ನಡುವೆ ಲೋಟವನ್ನು ಒತ್ತಿ ಹಿಡಿದು ಕುಡಿದೆ. ಅರ್ಧ ಚೆಲ್ಲಿತು. ಪಕ್ಕದ ಮೇಜಿನವರು, "ಸಾರ್, ಮಿನಿ ಬಸ್ಸು ಈಗ ಬರ್ತದೆ, ಅದರಲ್ಲೇ ಇಳಿದುಬಿಡಿ" ಎಂದರು. "ಇಲ್ಲ, ನಡೆದೇ ಹೋಗಬೇಕು" ಎಂದೆ. ಅಲ್ಲಿ ಕೂತು ಬಟ್ಟೆ ಬದಲಾಯಿಸಬೇಕಿತ್ತು, ಬಿಸಿಬಿಸಿ ಊಟ ಮಾಡಬೇಕಿತ್ತು, ಅಂದು ಅಲ್ಲೇ ಉಳಿಯಬೇಕಿತ್ತು. ನನ್ನ ಕಣ್ಣ ಮುಂದೆ ಇದ್ದದ್ದು ಮಾತ್ರ ಪುಟ್ಟಿಯ ಕೆಂಪು ಗೆರೆ.

ಊರು ದಾಟಿ ಘಾಟಿಯ ತಲೆಗೆ ಬಂದೆ. ಬಾನು ತಿಳಿಯಾಗಿದ್ದ ದಿನ ಸೂರ್ಯ ಅರಬ್ಬಿ ಸಮುದ್ರಕ್ಕೆ ಇಳಿಯುವುದನ್ನು ನೋಡಲು ಜನ ಸೇರುವ ಜಾಗ ಅಲ್ಲೇ ಇದೆ. ಆ ದಿನ ಹತ್ತು ಹೆಜ್ಜೆ ಆಚೆ ಏನಿದೆ ಎಂದೂ ಕಾಣುತ್ತಿರಲಿಲ್ಲ. ಬರೀ ಬಿಳಿ. ಆದರೆ ಕೇಳುತ್ತಿತ್ತು. ನನ್ನ ಹಿಂದೆ ಬಿದ್ದ ನೀರು ಮಾಲತಿ ಹೊಳೆಯ ಕಡೆಗೆ, ಅಂದರೆ ತುಂಗೆಯ ಕಡೆಗೆ. ಮುಂದೆ ಬಿದ್ದ ನೀರು ಸೀತಾನದಿಯ ಕಡೆಗೆ. ಮಾಡಿನ ನೆತ್ತಿ! ಇದಕ್ಕೇ ಅಲ್ಲವೇ ಬಂದದ್ದು? ಪುಟ್ಟಿಗೆ ಹೇಳಬೇಕೆಂದುಕೊಂಡೆ. ಆಶ್ಚರ್ಯವೆಂದರೆ ಒಂದಿಷ್ಟೂ ಸಂತೋಷವಾಗಲಿಲ್ಲ. ಹಲ್ಲು ಕಟಕಟ ಎನ್ನುತ್ತಿತ್ತು.

ಆಗುಂಬೆ ಘಾಟಿಯಲ್ಲಿ 14 ಹಿಮ್ಮುರಿ ತಿರುವುಗಳು. ಎಣಿಸುತ್ತಾ ಇಳಿಯಬೇಕೆಂದಿದ್ದೆ. ಒಂದು ಎಣಿಸಿದೆ. ಇನ್ನೊಂದು ತಿರುವು ಬಂದಾಗ ಇದು ಎರಡನೆಯದೋ ಮೂರನೆಯದೋ ತಿಳಿಯಲಿಲ್ಲ. ಜೀವಮಾನವಿಡೀ ಮಗ್ಗಿ ಹೇಳಿಕೊಟ್ಟವನಿಗೆ ಎರಡು, ಮೂರು ಗೊಂದಲ! ಚೀಲದಿಂದ ಬೆಲ್ಲ ತೆಗೆಯೋಣವೆಂದರೆ ಚೀಲದ ಜಿಪ್ ಹಿಡಿಯಲು ಬೆರಳು ಒಪ್ಪಲಿಲ್ಲ. ಹೆಜ್ಜೆ ಅತ್ತಿತ್ತ ಬೀಳತೊಡಗಿತು. ರಸ್ತೆಯ ಅಂಚಿನ ಮೋಟು ಗೋಡೆಯ ಮೇಲೆ, ಸುರಿಯುವ ಮಳೆಯಲ್ಲೇ ಕೂತೆ. ಆಮೇಲೆ ಒಂದು ವಿಚಿತ್ರ. ನಿದ್ದೆ ಬರತೊಡಗಿತು. 'ಐದೇ ನಿಮಿಷ' ಎಂದುಕೊಂಡೆ.

ಅಜ್ಜ ಅಜ್ಜಿಯರೇ, ಇಲ್ಲಿ ಸ್ವಲ್ಪ ಗಮನವಿಟ್ಟು ಕೇಳಿ. ನಮ್ಮ ಮೈಯ ಶಾಖ ಸುಮಾರು 37 ಡಿಗ್ರಿ ಸೆಲ್ಸಿಯಸ್. ಅದು 35ಕ್ಕಿಂತ ಕೆಳಗಿಳಿದರೆ ವೈದ್ಯರು ಹೈಪೋಥರ್ಮಿಯಾ ಎನ್ನುತ್ತಾರೆ. ಅದು ಹಿಮಾಲಯದ ಹಿಮದಲ್ಲಿ ಮಾತ್ರ ಆಗುವುದು ಎಂದು ನಾನು ತಿಳಿದಿದ್ದೆ. ಹಾಗಲ್ಲ. ಮಣ್ಣಿನ ಹೂಜಿಯಲ್ಲಿ ನೀರು ಯಾಕೆ ತಣ್ಣಗಾಗುತ್ತದೆ? ಹೊರಮೈಯಿಂದ ಆರುವ ನೀರು ಶಾಖವನ್ನು ಎತ್ತಿಕೊಂಡು ಹೋಗುತ್ತದೆ, ಗಾಳಿ ಬೀಸಿದರೆ ಇನ್ನೂ ಬೇಗ. ಒದ್ದೆ ಬಟ್ಟೆ ತೊಟ್ಟು ಗಾಳಿಯಲ್ಲಿ ಗಂಟೆಗಟ್ಟಲೆ ನಡೆದವನೂ ಒಂದು ಹೂಜಿಯೇ. ವಯಸ್ಸಾದ ಮೈಗೆ ಶಾಖ ಹುಟ್ಟಿಸುವ ಶಕ್ತಿಯೂ ಕಡಿಮೆ. ಮೊದಲು ನಡುಕ, ಆಮೇಲೆ ಬೆರಳು ಕೇಳದಿರುವುದು, ಕಾಲು ಎಡವುವುದು, ಮಾತು ತೊದಲುವುದು, ಲೆಕ್ಕ ತಪ್ಪುವುದು, ಮಂಪರು. ಎಲ್ಲಕ್ಕಿಂತ ಕೆಟ್ಟದ್ದೆಂದರೆ, ತನಗೆ ಹೀಗಾಗುತ್ತಿದೆ ಎಂದು ಹೇಳಬೇಕಾದ ಬುದ್ಧಿಯೇ ಮೊದಲು ಮಂಕಾಗುತ್ತದೆ. ಜೊತೆಗೊಬ್ಬರಿದ್ದರೆ ಅವರು ಹೇಳುತ್ತಾರೆ. ನಾನು ಒಬ್ಬನೇ ಇದ್ದೆ.

ಎಷ್ಟು ಹೊತ್ತಾಯಿತೋ ತಿಳಿಯದು. ಮಂಜಿನೊಳಗಿಂದ ಎರಡು ಹಳದಿ ದೀಪ ಬಂದವು. ಘಾಟಿಯ ಮಿನಿ ಬಸ್ಸು. ನನ್ನ ಮುಂದೆಯೇ ನಿಂತಿತು. ಕಂಡಕ್ಟರ್ ಬಾಗಿಲಿನಿಂದ ತಲೆ ಹೊರಹಾಕಿದ.

"ಎಂತ ಸಾರ್, ಇಲ್ಲಿ ಕೂತದ್ದು? ಹತ್ತಿ, ಹತ್ತಿ."

"ಇಲ್ಲ... ನಾನು ನಡೆದೇ... ಮೊಮ್ಮಗಳಿಗೆ ಮಾತು..." ನಾಲಗೆ ದಪ್ಪವಾದಂತಿತ್ತು.

"ನಡೀಲಿಕ್ಕೆ ಕಾಲು ಬೇಕಲ್ಲ ಸಾರ್? ಎದ್ದು ನಿಂತು ತೋರಿಸಿ, ನಾವು ಹೋಗ್ತೇವೆ."

ಎದ್ದು ನಿಲ್ಲಲು ಹೋದೆ. ಆಗಲಿಲ್ಲ. ಆತ ಮಳೆಯಲ್ಲೇ ಇಳಿದು ಬಂದು ನನ್ನ ಕಂಕುಳಿಗೆ ಕೈಹಾಕಿ ಎತ್ತಿದ. ಇನ್ನೊಬ್ಬರು ಚೀಲ ತೆಗೆದುಕೊಂಡರು. ಬಸ್ಸಿನಲ್ಲಿ ನನ್ನಷ್ಟೇ ವಯಸ್ಸಿನ ಹೆಂಗಸೊಬ್ಬರು ಸರಿದು ಜಾಗ ಕೊಟ್ಟರು. "ಒದ್ದೆ ಅಂಗಿ ತೆಗೀರಿ ಮೊದಲು, ನಾಚಿಕೆ ಎಂಥದ್ದು?" ಎಂದು ಗದರಿಸಿ, ತಮ್ಮ ಕೈಚೀಲದಿಂದ ಒಣ ಬೈರಾಸು ತೆಗೆದು ತಲೆ ಒರೆಸಿಕೊಳ್ಳಲು ಕೊಟ್ಟು, ತಮ್ಮ ಶಾಲನ್ನೂ ಹೊದೆಸಿದರು. ಶಾಲೆಯಲ್ಲಿ ನೂರಾರು ಮಕ್ಕಳನ್ನು ಗದರಿಸಿದವನು ಚಿಕ್ಕ ಹುಡುಗನ ಹಾಗೆ ಕೈ ಎತ್ತಿ ಕೂತೆ. ಕಂಡಕ್ಟರ್ ಟಿಕೆಟ್ ಹರಿದು ಕೊಟ್ಟ. "ಮಾತು ಕೊಟ್ಟ ಮೊಮ್ಮಗಳಿಗೆ ಇದನ್ನೂ ತೋರಿಸಿ ಸಾರ್" ಎಂದ. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ.

ಸೋಮೇಶ್ವರದಲ್ಲಿ ಇಳಿಸಿದ್ದಲ್ಲದೆ ಪರಿಚಯದ ಹೋಟೆಲಿನವರಿಗೆ ಒಪ್ಪಿಸಿ ಹೋದರು. ಅವರು ಒಣ ಪಂಚೆ ಕೊಟ್ಟು, ಕಂಬಳಿ ಹೊದೆಸಿ, ಒಲೆ ಇದ್ದ ಕೋಣೆಯಲ್ಲಿ ಕೂರಿಸಿ, ಬೆಲ್ಲ ಹಾಕಿದ ಬಿಸಿ ಕಷಾಯವನ್ನು ಗುಟುಕು ಗುಟುಕಾಗಿ ಕುಡಿಸಿದರು. ಒಂದು ಗಂಟೆ ಕಳೆದ ಮೇಲೆ ನಡುಕ ನಿಂತಿತು. ಎರಡು, ಮೂರು ಎಂದು ಎಣಿಸಿಕೊಂಡೆ. ಹದಿನಾಲ್ಕರವರೆಗೂ ಸರಿಯಾಗಿ ಬಂತು.

ಕಥೆ ಇಲ್ಲಿಗೆ ಮುಗಿದಿದ್ದರೆ ನಕಾಶೆಯ ಮೇಲೆ ಟಿಕೆಟ್ ಅಂಟಿಸುವ ಪ್ರಸಂಗ ಬರುತ್ತಿರಲಿಲ್ಲ.

ಸಂಜೆ ಹೋಟೆಲಿನವರ ಫೋನಿನಿಂದ ಮನೆಗೆ ಮಾತಾಡಿದೆ. ನನ್ನದು ನೀರು ಕುಡಿದು ಸತ್ತಿತ್ತು.

"ಅಜ್ಜಾ! ಎಲ್ಲಿದ್ದೀಯಾ?"

"ಸೋಮೇಶ್ವರದಲ್ಲಿ."

"ಹೌದಾ! ಘಾಟಿ ಇಳಿದ್ಯಾ? ಹದಿನಾಲ್ಕೂ ತಿರುವು ನಡ್ಕೊಂಡೇ?"

"ಹೂಂ" ಎಂದೆ.

ಆ ಕಡೆ ಪೆನ್ಸಿಲ್ ಕಾಗದದ ಮೇಲೆ ಸರಿಯುವ ಸದ್ದು ಕೇಳಿದಂತಾಯಿತು. "ಅಜ್ಜೀ, ಅಜ್ಜ ಘಾಟಿ ಇಳಿದುಬಿಟ್ಟ!" ಎಂದು ಕೂಗಿದಳು. ಅಜ್ಜಿ ಫೋನ್ ತೆಗೆದುಕೊಂಡು, "ದನಿ ಯಾಕೆ ಹಾಗಿದೆ?" ಎಂದಳು. "ಸ್ವಲ್ಪ ನೆಗಡಿ" ಎಂದೆ. ಅದೂ ಅರ್ಧ ಸುಳ್ಳೇ.

ಮರುದಿನ ಜ್ವರ. ಹಾಗಾಗಿ ಸೋಮೇಶ್ವರದಲ್ಲೇ ಉಳಿದೆ. ಆಮೇಲೆ ನಾಲ್ಕು ದಿನ, ಮಳೆ ನೋಡಿಕೊಂಡು, ಬೇಡ ಎಂದವರ ಮಾತು ಕೇಳಿಕೊಂಡು, ನಿಧಾನವಾಗಿ ಹೆಬ್ರಿ, ಹಿರಿಯಡ್ಕ, ಉಡುಪಿ ದಾಟಿ ಮಲ್ಪೆ ಸೇರಿದೆ. ದಾರಿ ಸುಲಭವಾಗಿತ್ತು. ಆದರೂ ಚೀಲ ಭಾರವೆನಿಸುತ್ತಿತ್ತು. ಅದರಲ್ಲಿ ಹೆಚ್ಚಾಗಿ ಸೇರಿದ್ದು ಆ ಟಿಕೆಟ್ ಒಂದೇ.

ಮಲ್ಪೆಯಲ್ಲಿ ಮೀನುಗಾರಿಕೆಯ ಯಾಂತ್ರಿಕ ದೋಣಿಗಳೆಲ್ಲ ಬಂದರಿನಲ್ಲಿ ಸಾಲುಗಟ್ಟಿ ನಿಂತಿದ್ದವು. ಮೀನು ಮರಿ ಮಾಡುವ ಕಾಲವೆಂದು ಜೂನ್ 1ರಿಂದ ಜುಲೈ 31ರವರೆಗೆ ಅವು ಕಡಲಿಗೆ ಇಳಿಯುವಂತಿಲ್ಲ. ಸಮುದ್ರ ಕೆಂಪಗೆ, ಎತ್ತರೆತ್ತರಕ್ಕೆ ಏಳುತ್ತಿತ್ತು. ಈ ನೀರಿಗೆ ದೂರ ನಿಂತೇ ಕೈಮುಗಿಯಬೇಕು. ನಾನೂ ದೂರವೇ ನಿಂತೆ. ಜೇಬಿನಿಂದ ಟಿಕೆಟ್ ತೆಗೆದೆ. ಹರಿದು ಗಾಳಿಗೆ ಬಿಟ್ಟರೆ ಕಥೆ ಮುಗಿಯಿತು. ಕಂಡಕ್ಟರ್‌ಗೆ ನನ್ನ ಹೆಸರು ಗೊತ್ತಿಲ್ಲ. ಶಾಲು ಕೊಟ್ಟ ತಾಯಿಗೆ ನನ್ನ ಊರು ಗೊತ್ತಿಲ್ಲ.

ಆಗ ನನ್ನ ಪ್ರಯೋಗಶಾಲೆಯ ನೆನಪು ಬಂತು. ಕೆಲವು ಮಕ್ಕಳು ಪ್ರಯೋಗದಲ್ಲಿ ಬಂದ ಅಳತೆ ಬಿಟ್ಟು, ಪುಸ್ತಕದಲ್ಲಿದ್ದ ಅಳತೆಯನ್ನೇ ಬರೆದುಬಿಡುತ್ತಿದ್ದರು. "ತಪ್ಪು ಬಂದಿದ್ದರೆ ತಪ್ಪನ್ನೇ ಬರಿ. ಬಂದದ್ದನ್ನು ಬರೆಯದಿದ್ದರೆ ಪ್ರಯೋಗ ಯಾಕೆ ಮಾಡಬೇಕು?" ಎಂದು ಗದರಿಸಿ ಆ ಪುಟದ ಮೇಲೆ ಕೆಂಪು ಶಾಯಿಯ ಗೆರೆ ಎಳೆಯುತ್ತಿದ್ದೆ. ಟಿಕೆಟನ್ನು ಮಡಚಿ ಮತ್ತೆ ಜೇಬಿಗಿಟ್ಟುಕೊಂಡೆ.

ಮನೆಗೆ ಬಂದ ರಾತ್ರಿ ಊಟವಾದ ಮೇಲೆ ಪುಟ್ಟಿ ಎಲ್ಲರನ್ನೂ ನಕಾಶೆಯ ಮುಂದೆ ನಿಲ್ಲಿಸಿದಳು. ತುದಿಯಿಂದ ತುದಿಗೆ ಕೆಂಪು ಗೆರೆ ಮುಗಿದಿತ್ತು. ನಾನು ಟಿಕೆಟ್ ತೆಗೆದು ಅವಳ ಕೈಯಲ್ಲಿಟ್ಟು, ನಡೆದದ್ದನ್ನೆಲ್ಲ ಹೇಳಿದೆ. ಅಜ್ಜಿ ಬಾಯಿಗೆ ಸೆರಗು ಹಿಡಿದುಕೊಂಡಳು. ಆಮೇಲೆ ನನಗೆ ಬಿದ್ದ ಬೈಗುಳವನ್ನು ಇಲ್ಲಿ ಬರೆಯುವುದಿಲ್ಲ.

ಪುಟ್ಟಿ ಏನೂ ಮಾತಾಡಲಿಲ್ಲ. ರಬ್ಬರ್ ತಂದಳು. ಸ್ಕೇಲ್ ಇಟ್ಟು ಅಳೆದು, ಆ ತಿರುವಿನಿಂದ ಸೋಮೇಶ್ವರದವರೆಗೆ ಸುಮಾರು 9 ಕಿಲೋಮೀಟರಿನ ಗೆರೆಯನ್ನು ಉಜ್ಜಿ ಅಳಿಸಿದಳು. ಕೆಂಪು ಪೆನ್ಸಿಲ್ಲು ಪೂರ್ತಿ ಹೋಗುವುದಿಲ್ಲ, ನಿಮಗೆ ಗೊತ್ತು. ತೆಳ್ಳಗೆ ಗುಲಾಬಿ ಬಣ್ಣ ಉಳಿಯಿತು. ಆಮೇಲೆ ನನ್ನ ಕಡೆ ತಿರುಗಿದಳು.

"ಬಸ್ ಹತ್ತದೆ ಇದ್ದಿದ್ರೆ ನೀನು ಮನೆಗೆ ಬರ್ತಿರ್ಲಿಲ್ಲ ಅಲ್ವಾ?"

"ಬರುತ್ತಿರಲಿಲ್ಲವೇನೋ."

"ಮತ್ತೆ ಫೋನಲ್ಲಿ 'ಹೂಂ' ಅಂದಿದ್ದು ಯಾಕೆ?"

"ನೀನು ಏನು ತಿಳಿದುಕೊಳ್ಳುತ್ತೀಯೋ ಅಂತ."

ಅವಳು ಸ್ವಲ್ಪ ಹೊತ್ತು ಯೋಚಿಸಿದಳು. "ಗಣಿತದಲ್ಲಿ ನಂಗೆ ಇಪ್ಪತ್ತೈದಕ್ಕೆ ಒಂಬತ್ತು ಬಂದಾಗ ನಾನು ಫಸ್ಟ್ ಹೇಳಿದ್ದೇ ನಿಂಗೆ. ಅಮ್ಮನಿಗೂ ಹೇಳಿರ್ಲಿಲ್ಲ."

ನನಗೆ ಉತ್ತರ ಹೊಳೆಯಲಿಲ್ಲ. ಅವಳೇ ಗೋಂದಿನ ಬಾಟಲಿ ತಂದು, ಟಿಕೆಟನ್ನು ಆ ಗುಲಾಬಿ ಗೆರೆಯ ಮೇಲೆ ಸರಿಯಾಗಿ ಅಂಟಿಸಿ, ಅಂಗೈಯಿಂದ ಒತ್ತಿದಳು.

ಈಗ ಆ ನಕಾಶೆಯ ಪಕ್ಕದ ಗೂಟದಲ್ಲಿ ಒಂದು ಕರಿ ಕಂಬಳಿ ತೂಗುತ್ತಿದೆ. ಊರಿಗೆ ಬಂದ ವಾರವೇ ಕೊಂಡು ತಂದೆ. ಉಣ್ಣೆಯ ಗುಂಗುರು ಎಳೆಗಳ ನಡುವೆ ಗಾಳಿ ಸಿಕ್ಕಿಕೊಂಡಿರುವುದರಿಂದ ಅದು ನೆನೆದರೂ ಸ್ವಲ್ಪವಾದರೂ ಬೆಚ್ಚಗಿಡುತ್ತದೆ, ನೆನೆದ ಹತ್ತಿ ಹಾಗೆ ಮಾಡುವುದಿಲ್ಲ. ಇದನ್ನು ನಾನೇ ಎಷ್ಟೋ ಸಲ ಪಾಠ ಮಾಡಿದ್ದೆ. ಜಗುಲಿಯ ಮೇಲೆ ಕಂಬಳಿ ಮಡಚಿಟ್ಟ ಹಿರಿಯರಿಗೆ ಕಾಗದ ಬರೆದು ತಪ್ಪಾಯಿತೆಂದು ತಿಳಿಸಿದೆ. 'ಮಳೆ ಬಿಟ್ಟ ಮೇಲೆ ಕೂಸಿನ ಕರ್ಕಂಡು ಬನ್ನಿ' ಎಂದು ಉತ್ತರ ಬಂದಿದೆ.

ಈ ವರ್ಷ ದೀಪಾವಳಿ ಕಳೆದ ಮೇಲೆ ಹೋಗುತ್ತೇವೆ, ಪುಟ್ಟಿಯೂ ನಾನೂ, ಬರೀ ಆ ಘಾಟಿಗೆ. ಇಬ್ಬರೂ ಸೇರಿ ಹದಿನಾಲ್ಕು ಎಣಿಸಿಕೊಂಡು ಇಳಿಯುವುದೆಂದು ಗೊತ್ತಾಗಿದೆ. "ಹಾಗಾದರೆ ಆಮೇಲೆ ಟಿಕೆಟ್ ಕಿತ್ತು ಕೆಂಪು ಗೆರೆ ಎಳೆಯಬಹುದಲ್ಲ?" ಎಂದು ಮೊನ್ನೆ ಆಸೆಯಿಂದ ಕೇಳಿದೆ.

"ಅದು ಹಾಗೇ ಇರ್ಲಿ ಅಜ್ಜಾ" ಎಂದಳು ಪುಟ್ಟಿ. "ನಾವು ನಡೆದಿದ್ದಕ್ಕೆ ಕೆಳಗೆ ಹಸಿರು ಗೆರೆ ಹಾಕ್ತೀನಿ."